ಎರಡು ದಾರಿಗೆ ಒಂದು ಗಾಡಿ

ಮೋಟಾರು ಗಾಡಿಗಳಲ್ಲಿ ಎರಡು ಜಾತಿ. ಒಂದು, ದಾರಿ ಇರುವಲ್ಲಿ ಓಡುವಂಥದು. ಇನ್ನೊಂದು, ದಾರಿ ಇಲ್ಲದ ಕಡೆಯೂ ಓಡುವಂಥದು. ಮೊದಲನೆಯದನ್ನು ಕೊಂಡವರು ಕಚೇರಿಗೆ ಹೋಗುತ್ತಾರೆ, ಮದುವೆಗೆ ಹೋಗುತ್ತಾರೆ, ಸಂಜೆ ತರಕಾರಿ ತರುತ್ತಾರೆ. ಎರಡನೆಯದನ್ನು ಕೊಂಡವರು ಭಾನುವಾರ ಹಳ್ಳಕ್ಕಿಳಿದು, ಕೆಸರಿನಲ್ಲಿ ಹೂತು, ಮತ್ತೊಬ್ಬರಿಂದ ಎಳೆಸಿಕೊಂಡು, ಸೋಮವಾರ ಅದರ ಚಿತ್ರವನ್ನು ಸ್ನೇಹಿತರಿಗೆಲ್ಲ ತೋರಿಸುತ್ತಾರೆ. ಇವೆರಡೂ ಒಂದೇ ಗಾಡಿಯಲ್ಲಿ ಬೇಕೆನ್ನುವವನನ್ನು ಎರಡು ದೋಣಿಯಲ್ಲಿ ಕಾಲಿಟ್ಟವನೆಂದು ಜನ ನಗುತ್ತಾರೆ. ಕಳೆದ ಎಂಟು ತಿಂಗಳಿಂದ ನಾನು ಆ ನಗೆಗೆ ಪಾತ್ರನಾಗಿದ್ದೇನೆ. ನನ್ನ ಮೇಜಿನ ಮೇಲೆ ನೂರು ಪುಟದ ಒಂದು ನೋಟುಬುಕ್ಕಿದೆ. ಅದರ ಎಡಪುಟದಲ್ಲಿ ‘ಕೆಸರು’ ಎಂದೂ ಬಲಪುಟದಲ್ಲಿ ‘ಟಾರು’ ಎಂದೂ ಬರೆದುಕೊಂಡಿದ್ದೇನೆ. ಎಡಪುಟದಲ್ಲಿ ಒಂದು ಸಾಲು ಸೇರಿಸಿದರೆ ಬಲಪುಟದಲ್ಲಿ ಒಂದು ಸಾಲನ್ನು ಹೊಡೆದುಹಾಕಬೇಕಾಗುತ್ತದೆ.

ನನಗೇನೂ ಸಾಹಸದ ಹುಚ್ಚಿಲ್ಲ. ಐವತ್ತೆಂಟು ವರ್ಷದ ಬ್ಯಾಂಕಿನ ನೌಕರನಿಗೆ ಸಾಹಸವೆಂದರೆ ಲೆಕ್ಕ ತಾಳೆಯಾಗದ ದಿನ ಏಳು ಗಂಟೆಯವರೆಗೆ ಕೂರುವುದು. ವಿಷಯ ಇಷ್ಟೆ: ನನ್ನ ಮನೆಯಿರುವುದು ಮೈಸೂರಿನಲ್ಲಿ, ನಮ್ಮವ್ವ ಇರುವುದು ಕರಿಘಟ್ಟದ ಆಚೆ ಮಗ್ಗುಲಿನ ತೋಟದ ಮನೆಯಲ್ಲಿ. ನಡುವೆ ಇಪ್ಪತ್ತೆರಡು ಕಿಲೋಮೀಟರು. ಅದರಲ್ಲಿ ಇಪ್ಪತ್ತೂವರೆ ಕಿಲೋಮೀಟರು ಒಳ್ಳೆಯ ಟಾರು. ಉಳಿದ ಒಂದೂವರೆ ಕಿಲೋಮೀಟರು ನಾಲೆಯ ಏರಿ. ಬೇಸಿಗೆಯಲ್ಲಿ ಅದು ರಸ್ತೆ. ನಾಲೆಗೆ ನೀರು ಬಿಟ್ಟು, ಮೇಲೆ ಒಂದು ಹದಮಳೆಯೂ ಬಿದ್ದು, ನಾಲ್ಕು ಟ್ರಾಕ್ಟರು ಕಬ್ಬು ಹೊತ್ತು ಹಾದುಹೋದವೆಂದರೆ ಅದು ನಾಟಿಗೆ ಹದ ಮಾಡಿದ ಗದ್ದೆ. ಅವ್ವನಿಗೆ ಎಂಬತ್ತೊಂದು ವರ್ಷ. ಎರಡೂ ಮೂತ್ರಪಿಂಡಗಳು ಸೋತಿವೆ. ಮಂಗಳವಾರ ಒಂದು, ಶುಕ್ರವಾರ ಒಂದು, ವಾರಕ್ಕೆ ಎರಡು ಸಲ ಮೈಸೂರಿಗೆ ಕರೆತಂದು ನಾಲ್ಕು ಗಂಟೆ ಹೊತ್ತು ರಕ್ತ ಶುದ್ಧಿ ಮಾಡಿಸಬೇಕು. ಒಂದು ಸರದಿ ತಪ್ಪಿದರೆ ಕಾಲು ಊದುತ್ತದೆ. ಎರಡು ತಪ್ಪಿದರೆ ಎದೆಗೆ ನೀರು ಬರುತ್ತದೆ. ಮೂರು ತಪ್ಪಿದರೆ ಏನೆಂದು ಡಾಕ್ಟರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವ್ವನನ್ನೇ ಮೈಸೂರಿಗೆ ಕರೆತರಬಾರದೇಕೆ ಎಂದು ವಾಚಕರು ಕೇಳುತ್ತಾರೆಂದು ಬಲ್ಲೆ. ನನ್ನ ಹೆಂಡತಿ ಕೇಳಿದ್ದಾಳೆ, ತಂಗಿಯ ಗಂಡ ಕೇಳಿದ್ದಾರೆ, ಆಸ್ಪತ್ರೆಯ ನರ್ಸೂ ಕೇಳಿದ್ದಾಳೆ. ಕರೆತಂದೂ ನೋಡಿದೆವು. ಹನ್ನೊಂದು ದಿನ ಇದ್ದರು. ಹನ್ನೆರಡನೆಯ ದಿನ ಬೆಳಗ್ಗೆ ಚೀಲ ಕಟ್ಟಿಕೊಂಡು ಬಾಗಿಲಲ್ಲಿ ಕುಳಿತಿದ್ದರು. “ಇಲ್ಲಿ ಎದ್ರೆ ಎದುರುಮನೆ ಗೋಡೆ ಕಾಣ್ತದೆ ಕಣ್ಲಾ. ಅಲ್ಲಿ ಎದ್ರೆ ಶೀನಪ್ಪ ಕಾಣ್ತಾನೆ. ವಾರಕ್ಕೆ ಎಲ್ಡು ದಿನ ಮಿಷನ್ನಿಗೆ ಕೊಟ್ಟಿವ್ನಿ, ಮಿಕ್ಕ ಐದು ದಿನಾನಾದ್ರೂ ನಂಗೆ ಬುಡು” ಎಂದರು. ಶೀನಪ್ಪನೆಂದರೆ ಬೆಟ್ಟದ ಮೇಲಿನ ವೈಕುಂಠ ಶ್ರೀನಿವಾಸ. ನಮ್ಮ ಜಗಲಿಯ ಮೇಲೆ ಕುಳಿತರೆ ಬೆಟ್ಟವೂ ಗುಡಿಯೂ ಕಣ್ಣಿಗೆ ನೇರವಾಗಿ ಕಾಣುತ್ತವೆ. ಮೇಲಕ್ಕೆ ಮೆಟ್ಟಿಲೂ ಇದೆ, ಮೋಟಾರು ರಸ್ತೆಯೂ ಇದೆ. ಅವ್ವ ಈಗ ಎರಡನ್ನೂ ಹತ್ತುವುದಿಲ್ಲ. ಜಗಲಿಯಿಂದಲೇ ಕೈಮುಗಿದು ಕಾಫಿ ಕುಡಿಯುತ್ತಾರೆ. ಈ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹಾಗಾಗಿ ಗಾಡಿಯ ಪ್ರಶ್ನೆ ಹುಟ್ಟಿತು.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ನಮ್ಮಪ್ಪನ ಕಾಲದಲ್ಲಿ ಗೊಬ್ಬರ ಹೊತ್ತ ಗಾಡಿಯೇ ಗದ್ದೆಗೆ ಇಳಿಯುತ್ತಿತ್ತು. ಅದೇ ಗಾಡಿಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹೊದಿಸಿ, ಮಕ್ಕಳು ಮರಿಯನ್ನೆಲ್ಲ ತುಂಬಿಕೊಂಡು ಜಾತ್ರೆಗೂ ಹೋಗುತ್ತಿದ್ದರು. ಎತ್ತಿನ ಗಾಡಿಯ ಕಟ್ಟಡವನ್ನು ನಾನು ಈಚೆಗೆ ಹೊಸ ಕಣ್ಣಿನಿಂದ ನೋಡಿದ್ದೇನೆ. ಎದೆಯುದ್ದದ ಗಾಲಿ, ಅಷ್ಟು ದೊಡ್ಡ ಗಾಲಿಗೆ ಒಂದಡಿ ಗುಂಡಿ ಒಂದು ಗುಂಡಿಯಲ್ಲ. ಅಚ್ಚು ನೆಲದಿಂದ ಎಷ್ಟೋ ಮೇಲೆ. ಎರಡು ಗಾಲಿಯೂ ತಮ್ಮಷ್ಟಕ್ಕೆ ತಾವು ತಿರುಗುವುದರಿಂದ ತಿರುವಿನಲ್ಲಿ ಹೊರಗಾಲಿ ಹೆಚ್ಚು ಸುತ್ತು ಸುತ್ತಿದರೂ ಒಳಗಾಲಿಗೆ ತಕರಾರಿಲ್ಲ. ಎಂಜಿನ್ನಿಗೆ ನಾಲ್ಕು ಕಾಲಿನ ಎಳೆತ, ಎರಡಿದ್ದರೆ ಎಂಟು. ಜೊತೆಗೆ ಎಲ್ಲಿ ಕಾಲಿಡಬೇಕೆಂಬ ವಿವೇಕವೂ ಅದಕ್ಕೇ ಇತ್ತು; ಗಾಡಿ ಹೊಡೆಯುವವನು ತೂಕಡಿಸಿದರೂ ಅದು ಮನೆ ಸೇರುತ್ತಿತ್ತು. ಈ ಕೊನೆಯ ಗುಣವನ್ನು ಇಂದಿನ ಕಾರ್ಖಾನೆಗಳು ಕೋಟಿಗಟ್ಟಲೆ ಸುರಿದು ಹುಡುಕುತ್ತಿವೆಯಂತೆ.

ಕರಿಘಟ್ಟದ ಸುತ್ತಿನ ನೆಲವಾದರೋ ಗಾಡಿಗಳ ಗರ್ವಭಂಗಕ್ಕೆ ಹೆಸರಾದದ್ದು. 1791ರ ಮೇ 15ರಂದು ಲಾರ್ಡ್ ಕಾರ್ನ್‌ವಾಲೀಸ್ ಅರಕೆರೆಯ ಬಳಿ ಟಿಪ್ಪುವಿನ ಸೈನ್ಯದೊಡನೆ ಕಾದಿದ. ಕದನದಲ್ಲಿ ಗೆಲುವು ಅವನದೇ ಆಯಿತು. ಪಟ್ಟಣ ಕಣ್ಣೆದುರಿಗೇ ಇತ್ತು. ಆದರೆ ಮಳೆ ಹಿಡಿದಿತ್ತು, ಮೇವು ಸಿಕ್ಕದೆ ರೋಗ ಬಡಿದು ಎತ್ತುಗಳು ಗುಂಪುಗುಂಪಾಗಿ ಸತ್ತವು. ಎಳೆಯುವವರಿಲ್ಲದ ಭಾರಿ ತೋಪುಗಳನ್ನು ಕನ್ನಂಬಾಡಿಯ ಬಳಿ ತಾನೇ ಒಡೆಸಿಹಾಕಿ, ಗೆದ್ದವನು ಸೋತವನಂತೆ ಬೆಂಗಳೂರಿಗೆ ಹಿಂದಿರುಗಿದ. ಮರುವರ್ಷ ಫೆಬ್ರುವರಿಯಲ್ಲಿ ಸಾಕಷ್ಟು ದನಕರು, ದವಸ ಕೂಡಿಸಿಕೊಂಡು ಬಂದ ಮೇಲೆಯೇ ಅವನ ಜನ ಕರಿಘಟ್ಟವನ್ನು ಹಿಡಿದದ್ದು. ಇತ್ತ ಮೈಸೂರಿನವರಲ್ಲಿ ಅಮೃತಮಹಲ್ ಎತ್ತುಗಳಿದ್ದವು. ಹೈದರಾಲಿ ಚಿದಂಬರದ ರಕ್ಷಣೆಗೆಂದು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಆ ಎತ್ತುಗಳ ಬಲದಿಂದಲೇ ಎಂದು ಹಳೆಯ ಬರಹಗಳಲ್ಲಿದೆ. ಸೇನೆಯ ದೊಡ್ಡವರೆಲ್ಲ ಕತ್ತಿಯ ಮಾತನ್ನು ಬರೆದಿಡುತ್ತಾರೆ. ಎತ್ತಿನ ಮಾತನ್ನು ಬರೆದಿಡುವವರು ಕಡಮೆ.

ಎತ್ತಿನ ಜಾಗಕ್ಕೆ ಜೀಪು ಬಂದದ್ದು ಸ್ವಾತಂತ್ರ್ಯದ ಜೊತೆಯಲ್ಲಿ. ಎರಡನೆಯ ಮಹಾಯುದ್ಧಕ್ಕೆಂದು ಅಮೆರಿಕದವರು 1941ರಲ್ಲಿ ಸಾಲುಸಾಲಾಗಿ ಮಾಡಲು ತೊಡಗಿದ ವಿಲ್ಲೀಸ್ ಜೀಪನ್ನು 1947ರಿಂದ ಮಹೀಂದ್ರದವರು ಬೊಂಬಾಯಿಯಲ್ಲಿ ಜೋಡಿಸತೊಡಗಿದರು. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಎಂಬತ್ತೇ ಅಂಗುಲದ ಅಂತರ, ಬೆಕ್ಕಿನಂತೆ ತಿರುಗುತ್ತಿತ್ತು. 1952ರಲ್ಲಿ ಸಮುದಾಯಾಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಸರಕಾರವೆಂದರೆ ಜೀಪು, ಜೀಪೆಂದರೆ ಸರಕಾರ ಎಂದಾಯಿತು. ನಾನು ಚಿಕ್ಕವನಿದ್ದಾಗ ಏರಿಯ ಮೇಲೆ ಧೂಳೆದ್ದರೆ ಯಾರ ಹೊಲದಲ್ಲಿ ಏನಿದೆಯೆಂದು ಹಿರಿಯರು ಬೇಗ ಬೇಗ ನೆನಪು ಮಾಡಿಕೊಳ್ಳುತ್ತಿದ್ದರು. ಆ ಜೀಪಿನೊಳಗೆ ಕುಳಿತು ಬಂದ ಅಧಿಕಾರಿಗಳು ಇಳಿದ ಕೂಡಲೇ ಎರಡು ಕೈಯಿಂದಲೂ ಸೊಂಟ ಹಿಡಿದುಕೊಳ್ಳುತ್ತಿದ್ದುದನ್ನು ಮಾತ್ರ ನಾನು ಆಗಲೇ ಗಮನಿಸಿದ್ದೆ.

ನನ್ನದು ಜೀಪಲ್ಲ, ಜಿಪ್ಸಿ. ಮಾರುತಿಯವರು 1985ರ ಡಿಸೆಂಬರಿನಲ್ಲಿ ಹೊರತಂದ ಗಾಡಿ. ಸೈನ್ಯದಲ್ಲಿಯೂ ಪೊಲೀಸಿನಲ್ಲಿಯೂ ಬಹಳ ಕಾಲ ದುಡಿದು, ಹೊಸ ಸುರಕ್ಷತೆಯ ನಿಯಮಗಳಿಗೆ ಹೊಂದದೆ 2019ರಲ್ಲಿ ತಯಾರಿ ನಿಂತುಹೋಯಿತು. ನಾನು ಕೊಂಡದ್ದು ಹಳೆಯ ಒಂದು ಜಿಪ್ಸಿ ಕಿಂಗ್, 1300 ಸಿ.ಸಿ. ಪೆಟ್ರೋಲು ಎಂಜಿನ್ನು, ತೂಕ ಒಂದು ಟನ್ನಿನ ಆಸುಪಾಸು. ಹೊಸ ಥಾರನ್ನೂ ನೋಡಿದೆ. 2020ರ ಆ ಗಾಡಿ ನೆಲದಿಂದ 226 ಮಿಲಿಮೀಟರು ಎತ್ತರದಲ್ಲಿದೆ, 650 ಮಿಲಿಮೀಟರು ನೀರಿನಲ್ಲಿ ನಡೆಯಬಲ್ಲದು. ಅದರ ಬೆಲೆ ಮಾತ್ರ ನನ್ನ ನಿವೃತ್ತಿಯ ಹಣದಲ್ಲಿ ಅದಕ್ಕಿಂತ ಆಳದ ಗುಂಡಿ ತೋಡುತ್ತಿತ್ತು. ಏರಿಯ ಕೆಸರಿನಲ್ಲಿ ಹಗುರವಾದ ಗಾಡಿಯೇ ಮೇಲು. ಭಾರದ ಗಾಡಿ ಬಲದಿಂದ ದಾಟುತ್ತದೆ. ಹಗುರದ್ದು ಹೂಳದೆ ದಾಟುತ್ತದೆ.

ಗಾಡಿ ಬಂದ ವಾರದಲ್ಲಿಯೇ ಸಲಹೆಗಾರರೂ ಬಂದರು. ನಮ್ಮ ಬ್ಯಾಂಕಿನ ತರುಣರೊಬ್ಬರು ಭಾನುವಾರದ ಕೆಸರಿನವರು. ಅವರ ಪಟ್ಟಿ ಹೀಗಿತ್ತು: ಗಾಡಿಯನ್ನು ನಾಲ್ಕಂಗುಲ ಎತ್ತರಿಸುವುದು, ದೊಡ್ಡ ಮಣ್ಣಿನ ಟೈರು, ಮುಂದೆ ಕಬ್ಬಿಣದ ಗುಮ್ಮು, ಅದರ ಮೇಲೆ ಎಳೆಯುವ ರಾಟೆ, ನೆತ್ತಿಯ ಮೇಲೆ ನಾಲ್ಕು ದೀಪ. ಕೇಳುವಾಗ ನನಗೂ ಎದೆಯುಬ್ಬಿತು. ಮನೆಗೆ ಬಂದು ನೋಟುಬುಕ್ಕು ತೆರೆದು ಲೆಕ್ಕ ಹಾಕತೊಡಗಿದೆ.

ಗಾಡಿಯ ಮೈಯನ್ನು ಎತ್ತರಿಸುವುದೆಂದರೆ ಸ್ಪ್ರಿಂಗಿನ ಮೇಲೆ ಕುಳಿತಿರುವುದನ್ನು ಎತ್ತುವುದು. ನೆಲಕ್ಕೆ ಮೊದಲು ತಗಲುವುದಾದರೋ ಸ್ಪ್ರಿಂಗಿನ ಕೆಳಗಿರುವ ಅಚ್ಚಿನ ಗುಂಡು, ಅಂದರೆ ಡಿಫರೆನ್ಷಿಯಲ್. ಮೈಯನ್ನು ಹತ್ತಂಗುಲ ಎತ್ತಿದರೂ ಅದು ಒಂದು ಕೂದಲೆಳೆಯಷ್ಟೂ ಏಳುವುದಿಲ್ಲ. ಪಂಚೆ ಎತ್ತಿ ಕಟ್ಟಿದರೆ ಕಾಲು ಉದ್ದವಾಗುವುದಿಲ್ಲವಷ್ಟೆ. ಅದನ್ನೇಳಿಸಬೇಕಾದರೆ ಗಾಲಿಯೇ ದೊಡ್ಡದಾಗಬೇಕು. ಈಗಿನ ಟೈರು 205/70 ಆರ್ 15. ಅದರ ವ್ಯಾಸ 668 ಮಿಲಿಮೀಟರು. ತರುಣರು ಹೇಳಿದ 235/75ರ ವ್ಯಾಸ 733. ವ್ಯತ್ಯಾಸ 65, ಅಚ್ಚು ಏಳುವುದು ಅದರ ಅರ್ಧ, ಎಂದರೆ ಮೂವತ್ತೆರಡು ಮಿಲಿಮೀಟರು, ಒಂದೂಕಾಲು ಅಂಗುಲ. ಅದಕ್ಕೆ ತೆರಬೇಕಾದ ದಂಡವೇನು? ಗಾಲಿ ಹತ್ತರಲ್ಲೊಂದು ಪಾಲು ದೊಡ್ಡದಾದರೆ ಎಂಜಿನ್ನಿಗೆ ಹೊರೆ ಅಷ್ಟು ಹೆಚ್ಚಿತು, ಬ್ರೇಕಿಗೂ ಹೆಚ್ಚಿತು, ವೇಗದ ಮುಳ್ಳು ಎಂಬತ್ತು ತೋರಿಸುವಾಗ ಗಾಡಿ ಎಂಬತ್ತೆಂಟರಲ್ಲಿ ಓಡುತ್ತಿರುತ್ತದೆ. ಮೈ ಎತ್ತರಿಸಿದ ಗಾಡಿ ತಿರುವಿನಲ್ಲಿ ಮಗುಚುವ ಸಂಭವವೂ ಹೆಚ್ಚು. ಜಿಪ್ಸಿ ಮೊದಲೇ ಅಗಲ ಕಡಮೆ, ಎತ್ತರ ಹೆಚ್ಚು. ಅದು ಬಡಕಲು ದೇಹದ ಮೇಲೆ ದೊಡ್ಡ ಪೇಟ ಸುತ್ತಿಕೊಂಡಂತೆ ನಿಂತಿದೆ.

ಮೇಲಾಗಿ ಕಾನೂನಿದೆ. ತಯಾರಕರು ಹೇಳಿದ ವಿವರಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಬದಲಾಯಿಸಕೂಡದೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು. ಅದನ್ನು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇನ್ನಷ್ಟು ಬಿಗಿಯಾಗಿ ಎತ್ತಿಹಿಡಿಯಿತು. ಮುಂಭಾಗದ ಕಬ್ಬಿಣದ ಗುಮ್ಮನ್ನು ಕೇಂದ್ರ ಸರಕಾರ 2017ರ ಡಿಸೆಂಬರಿನಲ್ಲಿಯೇ ಕೂಡದೆಂದಿದೆ. ಅದು ಎದುರಿಗೆ ಸಿಕ್ಕವನ ಪ್ರಾಣಕ್ಕೂ ಅಪಾಯ, ಒಳಗಿರುವವನಿಗೂ. ಹದಿನೈದು ವರ್ಷ ಮೀರಿದ ಗಾಡಿಯನ್ನು ಐದು ವರ್ಷಕ್ಕೊಮ್ಮೆ ಅಧಿಕಾರಿಗಳ ಮುಂದೆ ನಿಲ್ಲಿಸಿ ಯೋಗ್ಯತೆಯ ಪತ್ರ ಪಡೆಯಬೇಕು. ಶುಕ್ರವಾರ ಬೆಳಗ್ಗೆ ಐದೂಮುಕ್ಕಾಲಿಗೆ, ಅವ್ವನನ್ನು ಮುಂದೆ ಕೂರಿಸಿಕೊಂಡು, ಟೈರಿನ ಅಳತೆಯ ಮೇಲೆ ಪೊಲೀಸಿನವರೊಡನೆ ಚರ್ಚೆ ಮಾಡುವ ಇಷ್ಟ ನನಗಿರಲಿಲ್ಲ. ಎಡಪುಟದ ಅರ್ಧ ಹೀಗೆ ಹೊಡೆದುಹೋಯಿತು.

ಉಳಿದರ್ಧವನ್ನು ಹೊಡೆದುಹಾಕಿದವರು ಅವ್ವ. ಎತ್ತರಿಸುವ ಮಾತನ್ನು ಅವರ ಮುಂದೆಯೂ ಆಡಿದೆ. ಜಗಲಿಯಿಂದಿಳಿದು ಬಂದು ಬಾಗಿಲ ಬಳಿ ನಿಂತರು. ಗಾಡಿಯ ಒಳಹಾಸು ನೆಲದಿಂದ ಎರಡಡಿ. ಅವರು ಎತ್ತಬಲ್ಲದ್ದು ಒಂಬತ್ತಂಗುಲ. ಈಗಾಗಲೇ ನಾನು ಹಿಂದಿನಿಂದ ಎತ್ತಿ ಕೂರಿಸಬೇಕು. “ಇನ್ನೂ ಮ್ಯಾಕ್ಕೆತ್ತುಸ್ತೀಯಾ? ಹಂಗಾರೆ ಒಂದು ಏಣೀನೂ ತಂದ್ಬುಡು ಮಗ. ಹತ್ತೋದು ನಾನು, ಇಳಿಯೋದನ್ನ ಆಮ್ಯಾಕೆ ನೋಡ್ಕಳಾನೆ” ಎಂದರು.

ಅಲ್ಲಿಂದ ಮುಂದೆ ಯೋಜನೆಯ ದಿಕ್ಕೇ ಬೇರೆಯಾಯಿತು. ಶ್ರೀರಂಗಪಟ್ಟಣದಲ್ಲಿ ನನಗೊಬ್ಬ ಮೇಸ್ತ್ರಿ ಸಿಕ್ಕರು. ಅರವತ್ತು ದಾಟಿದವರು, ಕಿವಿಯಿಂದಲೇ ಎಂಜಿನ್ನಿನ ಜಾತಕ ಹೇಳುವವರು. ನನ್ನ ನೋಟುಬುಕ್ಕನ್ನು ತಿರುವಿಹಾಕಿ, “ಸ್ವಾಮಿ, ಇದರಲ್ಲಿ ಗಾಡಿಗೆ ಹಾಕೋದೇ ಬರೆದಿದ್ದೀರಿ. ಗಾಡಿಯಿಂದ ತೆಗೆಯೋದೇನೂ ಇಲ್ಲವಲ್ಲ” ಎಂದರು. ಹಿಂದಿದ್ದ ಯಾರೋ ಹೊಡೆಸಿದ್ದ ಕಬ್ಬಿಣದ ಹಲಗೆಗಳನ್ನೂ ತಲೆಯ ಮೇಲಿನ ಕ್ಯಾರಿಯರನ್ನೂ ಬಿಚ್ಚಿಸಿದರು. ಎಪ್ಪತ್ತು ಕಿಲೋ ಇಳಿಯಿತು. ಆಮೇಲೆ ಸ್ಪ್ರಿಂಗಿನ ಕೆಳಗೆ ಮಲಗಿದರು.

ಜಿಪ್ಸಿಗೆ ನಾಲ್ಕು ಕಡೆಯೂ ಪಟ್ಟಿ ಸ್ಪ್ರಿಂಗು, ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳು. ಗಾಡಿ ಕುಣಿಯುವಾಗ ಪಟ್ಟಿಗಳು ಒಂದರ ಮೇಲೊಂದು ಜಾರಬೇಕು. ಇಪ್ಪತ್ತು ವರ್ಷದ ಮಣ್ಣೂ ತುಕ್ಕೂ ಸೇರಿ ಅವು ಅಂಟಿಕೊಂಡು ಒಂದೇ ತೊಲೆಯಾಗಿದ್ದವು. ಗುಂಡಿಯ ಏಟೆಲ್ಲ ಸೀದಾ ಬೆನ್ನುಮೂಳೆಗೆ ಬರುತ್ತಿದ್ದುದು ಅದಕ್ಕೇ. ಮೇಸ್ತ್ರಿ ಒಂದೊಂದು ಪಟ್ಟಿಯನ್ನೂ ಬಿಡಿಸಿ, ಉಜ್ಜಿ, ಗ್ರೀಸು ಸವರಿ, ತುದಿಯ ರಬ್ಬರು ಬುಷ್‌ಗಳನ್ನು ಹೊಸದಾಗಿ ಹಾಕಿ, ಒಳ್ಳೆಯ ಶಾಕ್ ಅಬ್ಸಾರ್ಬರುಗಳನ್ನು ಕೂಡಿಸಿದರು. ರಕ್ತ ಶುದ್ಧಿಯಾದ ಮೇಲೆ ಅವ್ವನ ರಕ್ತದೊತ್ತಡ ಇಳಿದಿರುತ್ತದೆ. ಒಂದು ಕುಲುಕು ಹೆಚ್ಚಾದರೆ ವಾಂತಿ. ಸ್ಪ್ರಿಂಗು ಮಾಡಿಸಿದ ಮೇಲಿನ ಮೊದಲ ಶುಕ್ರವಾರ, ಕರಿಘಟ್ಟದ ತಿರುವಿನವರೆಗೂ ನಿದ್ದೆ ಮಾಡಿದರು. ಬಲಪುಟಕ್ಕೆ ಬಂದ ಈ ಲಾಭದಿಂದ ಎಡಪುಟಕ್ಕೂ ನಷ್ಟವಿಲ್ಲ. ಮೆತ್ತಗಾದ ಸ್ಪ್ರಿಂಗಿನಿಂದ ಗಾಲಿ ಗುಂಡಿಯೊಳಕ್ಕೆ ಇಳಿದು ನೆಲ ಮುಟ್ಟಿಕೊಂಡೇ ಇರುತ್ತದೆ. ಗಾಳಿಯಲ್ಲಿ ತಿರುಗುವ ಗಾಲಿ ಯಾರನ್ನೂ ದಡ ಸೇರಿಸುವುದಿಲ್ಲ.

ಟೈರಿನ ವಿಷಯದಲ್ಲಿಯೂ ಮೇಸ್ತ್ರಿಯ ಬುದ್ಧಿಯೇ ಗೆದ್ದಿತು. ಅಪ್ಪಟ ಮಣ್ಣಿನ ಟೈರಿಗೆ ದೊಡ್ಡ ದೊಡ್ಡ ಗಟ್ಟಿಗಳಿರುತ್ತವೆ, ನಡುವೆ ಅಗಲವಾದ ಸಾಲು. ಮಣ್ಣನ್ನು ಕಚ್ಚಿ ಉಗುಳುತ್ತದೆ, ನಿಜ. ಆದರೆ ಟಾರಿನ ಮೇಲೆ ಜೇನುಗೂಡಿಗೆ ಕಲ್ಲು ಹೊಡೆದಂತೆ ಮೊರೆಯುತ್ತದೆ, ಮಳೆಯಲ್ಲಿ ಬ್ರೇಕು ಹಾಕಿದರೆ ಜಾರುತ್ತದೆ. ಎರಡಕ್ಕೂ ಹೊಂದುವ ನಡುಜಾತಿಯ ಟೈರು ಮೂಲದ ಅಳತೆಯಲ್ಲಿಯೇ ಸಿಕ್ಕುತ್ತದೆ. ಅದನ್ನೇ ಹೇಳಿಟ್ಟಿದ್ದೇನೆ. ಅದರ ಜೊತೆಗೆ ಇನ್ನೊಂದು ಉಪಾಯ: ಏರಿಯ ಬಾಯಲ್ಲಿ ಗಾಡಿ ನಿಲ್ಲಿಸಿ, ಟೈರಿನ ಗಾಳಿಯನ್ನು ಹದಿನೆಂಟು ಪೌಂಡಿಗೆ ಇಳಿಸುವುದು. ಟೈರು ಒಂಟೆಯ ಪಾದದಂತೆ ಅಗಲವಾಗಿ ಹರಡಿಕೊಳ್ಳುತ್ತದೆ. ಭಾರ ಹಂಚಿಹೋಗಿ ಹೂಳುವುದು ತಪ್ಪುತ್ತದೆ. ಮರಳಿ ಟಾರಿಗೆ ಬಂದಾಗ ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಪಂಪಿನಿಂದ ತುಂಬಿಸಿಕೊಂಡರಾಯಿತು. ಮರೆತು ಹಾಗೆಯೇ ಓಡಿಸಿದರೆ ಟೈರು ಕಾದು ಹಾಳಾಗುತ್ತದೆ. ಗಾಳಿ ಇಳಿಸಬಾರದೆಂಬ ಕಲಮು ಯಾವ ಕಾಯಿದೆಯಲ್ಲಿಯೂ ಇಲ್ಲ, ಖರ್ಚೂ ಇಲ್ಲ, ಆದ್ದರಿಂದಲೇ ಇರಬೇಕು, ಆ ತರುಣರ ಪಟ್ಟಿಯಲ್ಲಿ ಇದು ಇರಲಿಲ್ಲ.

ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಕೊಡುವ ಸಣ್ಣ ಕೋಲಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಅದನ್ನು ಸದಾ ಹಾಕಿಟ್ಟರೇನು ಎಂದು ನನ್ನ ಹೆಂಡತಿ ಕೇಳಿದಳು. ತಿರುವಿನಲ್ಲಿ ಮುಂದಿನ ಗಾಲಿಗಳು ನಡೆಯುವ ದೂರ ಬೇರೆ, ಹಿಂದಿನವು ನಡೆಯುವ ದೂರ ಬೇರೆ. ಈ ಗಾಡಿಯಲ್ಲಿ ಎರಡು ಅಚ್ಚಿನ ನಡುವೆ ರಾಜಿ ಮಾಡಿಸುವ ಸಾಧನವಿಲ್ಲ. ಕೆಸರಿನಲ್ಲಿ ಗಾಲಿ ಕೊಂಚ ಜಾರಿ ತಾನೇ ಸರಿಮಾಡಿಕೊಳ್ಳುತ್ತದೆ. ಒಣಟಾರು ಜಾರಗೊಡುವುದಿಲ್ಲ, ಆ ಹಠವೆಲ್ಲ ಹಲ್ಲುಗಾಲಿಗಳ ಮೇಲೆ ಬೀಳುತ್ತದೆ. “ಅಂದರೆ ಒಂದೇ ನೊಗಕ್ಕೆ ಕಟ್ಟಿದವರು ಸ್ವಲ್ಪ ಜಾರಿಕೊಳ್ಳಲು ಜಾಗ ಬೇಕು ಅನ್ನಿ” ಎಂದಳು. ಈ ಮಾತು ಗಾಡಿಗೆ ಸಂಬಂಧಿಸಿದ್ದೆಂದೇ ನಾನು ತಿಳಿದುಕೊಂಡೆ.

ಇಷ್ಟೆಲ್ಲ ಏಕೆ, ಒಂದೂವರೆ ಕಿಲೋಮೀಟರಿಗೆ ಜಲ್ಲಿ ಸುರಿಸಿದರೆ ಆಗದೆ ಎಂಬುದು ನ್ಯಾಯವಾದ ಪ್ರಶ್ನೆ. ನಾಲ್ಕು ಅರ್ಜಿ ಬರೆದಿದ್ದೇನೆ. ಏರಿ ಯಾರದು, ದಾರಿ ಯಾರದು ಎಂಬುದು ತೀರ್ಮಾನವಾಗಬೇಕಂತೆ. ಬೆಂಗಳೂರಿಂದ ಮೈಸೂರಿಗೆ 118 ಕಿಲೋಮೀಟರಿನ ಹೆದ್ದಾರಿ ನಮ್ಮ ಬೆಟ್ಟಕ್ಕೆ ಹತ್ತಿರದಲ್ಲಿಯೇ, ಪಟ್ಟಣವನ್ನು ಬಳಸಿಕೊಂಡು, 2023ರಲ್ಲಿ ತೆರೆಯಿತು. ಅಲ್ಲಿ ಗಂಟೆಗೆ ನೂರು ಕಿಲೋಮೀಟರು ಓಡಬಹುದು. ಟ್ರಾಕ್ಟರು, ಆಟೋ, ದ್ವಿಚಕ್ರಗಳಿಗೆ ಆ ವರ್ಷದ ಆಗಸ್ಟಿನಿಂದ ಪ್ರವೇಶವಿಲ್ಲ. ಕಳೆದ ಮುಂಗಾರಿನಲ್ಲಿ, ನಾನಿನ್ನೂ ಸಾಧಾರಣ ಕಾರಿಟ್ಟುಕೊಂಡಿದ್ದಾಗ, ಒಂದು ರಾತ್ರಿ ಅವ್ವನಿಗೆ ಉಸಿರು ಕಟ್ಟಿತು. ಕರೆಸಿದ ಆಂಬುಲೆನ್ಸು ನಾಲೆಯ ತೂಬಿನ ಬಳಿ ನಿಂತಿತು. ಮುಂದೆ ಬಂದರೆ ಅದೂ ಹೂಳುತ್ತಿತ್ತು, ಅವರ ತಪ್ಪಿಲ್ಲ. ಪಕ್ಕದ ತೋಟದವರು ಟ್ರಾಕ್ಟರು ತಂದರು. ಮಂಚವನ್ನೇ ಟ್ರೈಲರಿನ ಮೇಲಿಟ್ಟು, ನಾಲ್ವರು ನಾಲ್ಕು ಕಾಲು ಹಿಡಿದುಕೊಂಡು, ಒಬ್ಬರು ಕೊಡೆ ಹಿಡಿದು, ಒಂದೂವರೆ ಕಿಲೋಮೀಟರಿಗೆ ನಲವತ್ತು ನಿಮಿಷ ಹಿಡಿಯಿತು. ತೂಬಿನಿಂದ ಮೈಸೂರಿಗೆ ಇಪ್ಪತ್ತೈದೇ ನಿಮಿಷ. ಟ್ರೈಲರಿನ ಮೇಲೆ ಅವ್ವ ಒಂದೇ ಮಾತಾಡಿದ್ದು. “ಕೊಡೇನ ನನಗೆ ಹಿಡೀಬ್ಯಾಡ, ಆ ಹೈಕಳಿಗೆ ಹಿಡಿ” ಎಂದು.

ಈಗ ನೋಟುಬುಕ್ಕಿನಲ್ಲಿ ಎರಡೇ ಕೆಲಸ ಉಳಿದಿವೆ. ಒಂದು, ಟೈರು, ಮುಂದಿನ ವಾರ ಬರುತ್ತವೆ. ಇನ್ನೊಂದು, ಹತ್ತುವ ತೊಡಕು. ಬಾಗಿಲಿಗೊಂದು ಹಿಡಿ ಹಾಕಿಸಿದೆ. ಕೆಳಗೆ ಮೆಟ್ಟಿಲು ಬೆಸೆದರೆ ಏರಿಯ ದಿಣ್ಣೆಗೆ ತಗಲಿ ಬಗ್ಗುತ್ತದೆ. ಅರಮನೆಗಳಲ್ಲಿ ಆನೆಯ ಅಂಬಾರಿ ಹತ್ತಲು ಕಟ್ಟೆಯಿರುತ್ತದಲ್ಲ, ಅದು ಹೊಳೆದ ಮೇಲೆ ದಾರಿ ಸುಲಭವಾಯಿತು. ಗಾಡಿಯನ್ನು ತಗ್ಗಿಸುವುದಕ್ಕೆ ಬದಲು ನೆಲವನ್ನು ಎತ್ತರಿಸುವುದು. ಜಗಲಿಯ ಅಂಚಿಗೆ ಸೇರಿಸಿ ಕಲ್ಲು ಚಪ್ಪಡಿಯ ಒಂದು ಕಟ್ಟೆ. ಗಾಡಿಯನ್ನು ಅದಕ್ಕೆ ಒರಸಿ ನಿಲ್ಲಿಸಿದರೆ ಅವ್ವ ಜಗಲಿಯಿಂದ ನೇರವಾಗಿ ಸೀಟಿಗೆ ದಾಟಬಹುದು. ಆಸ್ಪತ್ರೆಯ ತುದಿಗೆ ಒಂದು ಮರದ ಮಣೆ, ಹಿಂದಿನ ಸೀಟಿನಲ್ಲಿ ಇಟ್ಟುಕೊಳ್ಳಲು. ಗಾರೆಯವನು ಬಂದು ದಾರ ಹಿಡಿದು ಅಳೆದ. ಹೊಸ ಟೈರು ಬಂದರೆ ಸವೆದ ಹಳೆಯವಕ್ಕಿಂತ ಗಾಡಿ ಕಾಲಂಗುಲ ಏಳಬಹುದು, ಅದಕ್ಕೇ ಒಂದು ವಾರ ತಡೆಯೋಣ ಎಂದೆ.

“ಕಾಲಂಗುಲಕ್ಕೆ ವಾರ ಕಾಯ್ತೀಯಾ?” ಎಂದರು ಅವ್ವ. “ನಾಡಿದ್ದು ಶುಕ್ರವಾರ ಕಣ್ಲಾ. ಇವತ್ತೇ ಇಕ್ಕುಸು. ಮಿಕ್ಕಿದ್ದಕ್ಕೆ ಒಂದು ಗೋಣೀಚೀಲ ಮಡಿಚಿ ಹಾಕಿದ್ರಾಯ್ತು.”

ಗಾರೆಯವನು ನನ್ನ ಮುಖವನ್ನೂ ನೋಡದೆ ಸಿಮೆಂಟು ಕಲಸತೊಡಗಿದ.